ಸೊನ್ನೆಯಿಂದ ಶುರುವಾದ ಸಂಗೀತ: ಜರ್ಮನಿಯ ರಾಕ್ ಮತ್ತು ನಮ್ಮ ಹಲಗೆ

ಕ್ರೌಟ್ ಎಂದರೆ ಜರ್ಮನ್ ಮಾತಿನಲ್ಲಿ ಸೊಪ್ಪು, ಕೋಸು. ಉಪ್ಪು ಹಾಕಿ ಹುಳಿ ಬರಿಸಿದ ಕೋಸು ಅಲ್ಲಿನ ಜನರ ದಿನದ ಊಟ. ಯುದ್ಧದ ಕಾಲದಲ್ಲಿ ಇಂಗ್ಲಿಷರು ಜರ್ಮನ್ ಸೈನಿಕರನ್ನು ‘ಕ್ರೌಟ್’ ಎಂದು ಹೀಯಾಳಿಸುತ್ತಿದ್ದರು. 1970ರ ಸುಮಾರಿಗೆ ಜರ್ಮನಿಯ ಹುಡುಗರು ಹೊಸ ಥರದ ರಾಕ್ ಸಂಗೀತ ಕಟ್ಟಿದಾಗ ಇಂಗ್ಲೆಂಡಿನ ಪತ್ರಿಕೆಗಳು ಅದೇ ಬೈಗುಳ ಅಂಟಿಸಿ ಅದನ್ನು ‘ಕ್ರೌಟ್‌ರಾಕ್’ ಎಂದವು. ಬೈಸಿಕೊಂಡವರು ಸುಮ್ಮನೆ ಕೂರಲಿಲ್ಲ. ಫೌಸ್ಟ್ ಎಂಬ ತಂಡ 1973ರಲ್ಲಿ ಸುಮಾರು ಹನ್ನೆರಡು ನಿಮಿಷದ ಒಂದು ರಚನೆ ಮಾಡಿ, ಅದಕ್ಕೆ ‘ಕ್ರೌಟ್‌ರಾಕ್’ ಎಂದೇ ಹೆಸರಿಟ್ಟಿತು. ಫೌಸ್ಟ್ ಎಂದರೆ ಮುಷ್ಟಿ.

ಅದೇ 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಬೂಸಾ ಎಂದರೆ ದನದ ತಿಂಡಿ. ಆ ಒಂದು ಮಾತಿಗೆ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಆದರೆ ಆ ಬೂಸಾದಿಂದಲೇ ನಮ್ಮ ಚಳವಳಿ ಮೊಳಕೆ ಒಡೆಯಿತು. ಕೋಸೂ ಬೂಸಾವೂ ಒಂದೇ ಅಲ್ಲ. ಅಲ್ಲಿ ಬೈದವರು ಯುದ್ಧ ಗೆದ್ದ ದೇಶದವರು. ಇಲ್ಲಿ ಆ ಮಾತು ಆಡಿದವರು ಶತಮಾನಗಳಿಂದ ಬೈಸಿಕೊಂಡ ಜನದಿಂದ ಬಂದವರು. ಆದರೂ ಎರಡೂ ಕಡೆ ಜಗಳ ಒಂದೇ ಮಾತಿನ ಮೇಲೆ ನಡೆಯಿತು: ಯಾವುದು ಕಲೆ, ಯಾವುದು ಕಸ, ಅದನ್ನು ಹೇಳುವ ಅಧಿಕಾರ ಯಾರದು?

‘ದೇವದುರ್ಗದ ಕೇರಿ ಹುಡುಗರಿಗೆ ಜರ್ಮನಿ ರಾಕ್ ತಗೊಂಡು ಏನಾಗಬೇಕಾಗ್ಯದ?’ ಎಂದು ಕೇಳುವವರಿದ್ದಾರೆ. ಕೇಳಲಿ. ನಾವು ತಿರುಗಿ ಕೇಳುತ್ತೇವೆ. ಕೊಲೋನಿನ ಹುಡುಗರು ಒಂದೇ ಬಡಿತವನ್ನು ಇಪ್ಪತ್ತು ನಿಮಿಷ ಬಡಿದರೆ ಅದು ಪ್ರಯೋಗ. ಮಾನ್ವಿಯ ಮಾದಿಗರ ಕೇರಿಯ ಮುದುಕ ಇಡೀ ರಾತ್ರಿ ಬಡಿದರೆ ಅದು ಗದ್ದಲ. ಇದು ಹೆಂಗ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಆ ಸಂಗೀತ ಎಲ್ಲಿಂದ ಹುಟ್ಟಿತು, ಎಲ್ಲಿಗೆ ಹೋಯಿತು ಎಂಬ ಚರಿತ್ರೆಯನ್ನು ನಾವೇ ಓದಬೇಕು. ಇನ್ನೊಬ್ಬರು ಓದಿ ಹೇಳಿದ್ದು ಸಾಕು.

1

1945ರಲ್ಲಿ ಹಿಟ್ಲರನ ಜರ್ಮನಿ ಸೋತಿತು. ಸುಮಾರು ಅರವತ್ತು ಲಕ್ಷ ಯಹೂದಿಗಳನ್ನು ಕೊಂದ ಆಡಳಿತ ಮಣ್ಣಾಯಿತು. ಜರ್ಮನರು ಅದಕ್ಕೆ ‘ಸೊನ್ನೆ ಗಳಿಗೆ’ ಎಂದರು, ಎಲ್ಲವೂ ಹೊಸದಾಗಿ ಶುರು ಎಂಬ ಅರ್ಥದಲ್ಲಿ. ಆದರೆ ನಿಜದಲ್ಲಿ ಸೊನ್ನೆಯಾದದ್ದು ಕಟ್ಟಡಗಳು ಮಾತ್ರ. ನಾಜಿಗಳ ಕಾಲದ ಎಷ್ಟೋ ನ್ಯಾಯಾಧೀಶರು, ಮೇಷ್ಟ್ರುಗಳು, ಅಧಿಕಾರಿಗಳು ಮತ್ತೆ ಅವೇ ಕುರ್ಚಿಗಳಲ್ಲಿ ಕೂತರು. 1966ರಿಂದ 1969ರವರೆಗೆ ಪಶ್ಚಿಮ ಜರ್ಮನಿಯ ಚಾನ್ಸೆಲರ್ ಆಗಿದ್ದ ಕೀಸಿಂಗರ್ 1933ರಲ್ಲೇ ನಾಜಿ ಪಕ್ಷ ಸೇರಿದ್ದವನು. ಇದು ನಮಗೆ ತಿಳಿಯದ ಕತೆಯಲ್ಲ. 1948ರಲ್ಲಿ ನಿಜಾಮನ ಆಡಳಿತ ಹೋಗಿ ರಾಯಚೂರಿನಲ್ಲಿ ಬಾವುಟ ಬದಲಾಯಿತು. ಗೌಡರ ಕಟ್ಟೆ, ಸಾಹುಕಾರರ ಲೆಕ್ಕದ ವಹಿ ಬದಲಾಗಲಿಲ್ಲ.

ಯುದ್ಧದ ಸುತ್ತಮುತ್ತ ಹುಟ್ಟಿದ ಜರ್ಮನ್ ಮಕ್ಕಳು ಬೆಳೆದು, ‘ಅಪ್ಪಾ, ಆವಾಗ ನೀ ಏನು ಮಾಡ್ತಿದ್ದಿ?’ ಎಂದು ಕೇಳಿದಾಗ ಮನೆಗಳಲ್ಲಿ ಮೌನ. ಇರ್ಮಿನ್ ಶ್ಮಿಟ್ ಎಂಬ ಹುಡುಗ ಶಾಲೆಯ ವಿದ್ಯಾರ್ಥಿ ಪತ್ರಿಕೆಯಲ್ಲಿ ಮೇಷ್ಟ್ರುಗಳ ನಾಜಿ ಚರಿತ್ರೆ ಬರೆದು ಶಾಲೆಯಿಂದ ಹೊರಗೆ ಹಾಕಿಸಿಕೊಂಡ. ಈ ಹುಡುಗನ ಹೆಸರು ನೆನಪಿಡಬೇಕು, ಮುಂದೆ ಬರುತ್ತಾನೆ.

ಹಾಡೂ ಮೈಲಿಗೆಯಾಗಿತ್ತು. ನಾಜಿಗಳು ಜಾಜ್ ಸಂಗೀತವನ್ನು ಕಪ್ಪು ಜನರ, ಯಹೂದಿಗಳ ಕೊಳಕು ಎಂದು ತುಳಿದಿದ್ದರು. ಸೈನಿಕರ ಕವಾಯತಿನ ಹಾಡು, ಹಳ್ಳಿಯ ಜನಪದ ಹಾಡು ಎಲ್ಲವನ್ನೂ ತಮ್ಮ ಜನಾಂಗದ್ವೇಷಕ್ಕೆ ದುಡಿಸಿಕೊಂಡಿದ್ದರು. ಹೀಗಾಗಿ ಹೊಸ ತಲೆಮಾರಿಗೆ ಅಜ್ಜನ ಹಾಡು ಹಾಡೋಣವೆಂದರೆ ಅದರಲ್ಲಿ ಹೆಣದ ವಾಸನೆ. ರೇಡಿಯೋದಲ್ಲಿ ಬರುತ್ತಿದ್ದ ‘ಶ್ಲಾಗರ್’ ಎಂಬ ಸಕ್ಕರೆ ಹಾಡುಗಳು ಏನೂ ನಡೆದೇ ಇಲ್ಲವೆಂಬಂತೆ ಪ್ರೀತಿ, ಸಮುದ್ರ, ಬೆಳದಿಂಗಳು ಎನ್ನುತ್ತಿದ್ದವು. ಇನ್ನು ಉಳಿದದ್ದು ಅಮೆರಿಕ, ಇಂಗ್ಲೆಂಡಿನ ರಾಕ್. ಅದನ್ನು ಹಾಗೇ ನಕಲು ಮಾಡಿದರೆ ಗೆದ್ದವರ ಬಾಲ ಹಿಡಿದಂತೆ. ಈ ಮೂರನ್ನೂ ಒಲ್ಲೆ ಎಂದವರಿಗೆ ದಾರಿ ಒಂದೇ, ಸೊನ್ನೆಯಿಂದ ಶುರು ಮಾಡುವುದು.

1967ರ ಜೂನ್ 2ರಂದು ಪಶ್ಚಿಮ ಬರ್ಲಿನ್ನಿನಲ್ಲಿ ಇರಾನಿನ ಷಾ ವಿರುದ್ಧ ನಡೆದ ಪ್ರತಿಭಟನೆಯಲ್ಲಿ ಬೆನ್ನೋ ಓನೆಸೋರ್ಗ್ ಎಂಬ ವಿದ್ಯಾರ್ಥಿಯನ್ನು ಪೊಲೀಸನೊಬ್ಬ ಗುಂಡಿಟ್ಟು ಕೊಂದ. ವಿಶ್ವವಿದ್ಯಾಲಯಗಳಿಗೆ ಬೆಂಕಿ ಬಿದ್ದಂತಾಯಿತು. 1968ರ ಸೆಪ್ಟೆಂಬರಿನಲ್ಲಿ ಎಸ್ಸೆನ್ ಎಂಬ ಕಲ್ಲಿದ್ದಲಿನ ಊರಿನಲ್ಲಿ ಐದು ದಿನ ಹಾಡಿನ ಸಮ್ಮೇಳನ ನಡೆಯಿತು. ಮ್ಯೂನಿಕ್ಕಿನ ಒಂದು ಕಮ್ಯೂನಿನಿಂದ ಹುಟ್ಟಿದ ಅಮೋನ್ ಡ್ಯೂಲ್, ಬರ್ಲಿನ್ನಿನ ಟ್ಯಾಂಜರೀನ್ ಡ್ರೀಮ್, ಗುರು ಗುರು ಮೊದಲಾದ ತಂಡಗಳು ಅಲ್ಲಿ ಬಾರಿಸಿದವು. ಹೊಸ ಸಂಗೀತ ಬೀದಿಗೆ ಬಂತು.

2

ಶಾಲೆಯಿಂದ ಹೊರಬಿದ್ದ ಇರ್ಮಿನ್ ಶ್ಮಿಟ್ ಮುಂದೆ ಕೊಲೋನಿನಲ್ಲಿ ಕಾರ್ಲ್‌ಹೈನ್ಸ್ ಸ್ಟೋಕ್‌ಹೌಸೆನ್ ಬಳಿ ಕಲಿತ. ಸ್ಟೋಕ್‌ಹೌಸೆನ್ ವಿದ್ಯುತ್ತಿನಿಂದಲೇ ನಾದ ಹುಟ್ಟಿಸಿದ ದೊಡ್ಡ ಸಂಗೀತಗಾರ. ಅವನ ತಾಯಿ ಮಾನಸಿಕ ರೋಗಿ. ‘ಬದುಕಲು ಯೋಗ್ಯರಲ್ಲ’ ಎಂದು ನಾಜಿಗಳು 1941ರಲ್ಲಿ ಆಕೆಯನ್ನು ಕೊಂದಿದ್ದರು. ಶ್ಮಿಟ್ ಮತ್ತು ಅದೇ ಗುರುವಿನ ಇನ್ನೊಬ್ಬ ಶಿಷ್ಯ ಹೋಲ್ಗರ್ ಚುಕೈ 1968ರಲ್ಲಿ ‘ಕಾನ್’ ತಂಡ ಕಟ್ಟಿದರು. ಗಿಟಾರಿಗೆ ಚುಕೈಯ ಶಿಷ್ಯ ಮೈಕೆಲ್ ಕರೋಲಿ. ಡ್ರಮ್ಮಿಗೆ ಯಾಕಿ ಲೀಬೆಝೈಟ್.

ಈ ಲೀಬೆಝೈಟ್ ಬಗ್ಗೆ ನಾವು ತುಸು ನಿಲ್ಲಬೇಕು. ಅವನು ಮೊದಲು ತಾಳವಿಲ್ಲದ ಜಾಜ್ ಬಾರಿಸುತ್ತಿದ್ದ. ಒಂದು ಸಲ ಯಾರೋ ಬಂದು, ನೀನು ಒಂದೇ ಸಮ ಬಾರಿಸಬೇಕು ಎಂದನಂತೆ. ಲೀಬೆಝೈಟನೇ ಹೇಳಿಕೊಂಡ ಮಾತಿದು. ಆಮೇಲೆ ಅವನು ಚಮತ್ಕಾರಗಳನ್ನೆಲ್ಲ ಬಿಟ್ಟ. ಒಂದೇ ಬಡಿತ, ತಿರುಗಿ ತಿರುಗಿ ಅದೇ ಬಡಿತ, ಅದರ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಬದಲಾವಣೆ. ಕೇಳುವವನಿಗೆ ಮೊದಲು ಬೇಸರ, ಆಮೇಲೆ ಕಾಲು ತಾನೇ ಅಲುಗುತ್ತದೆ, ಆಮೇಲೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. 1971ರಲ್ಲಿ ಬಂದ ಅವರ ‘ತಾಗೋ ಮಾಗೋ’ ರೆಕಾರ್ಡಿನಲ್ಲಿ ಹದಿನೆಂಟು ನಿಮಿಷದ ಇಂಥ ಒಂದು ಬಡಿತವಿದೆ.

ಇದನ್ನು ಓದುವಾಗ ನಮಗೆ ನೆನಪಾಗುವುದು ಅಲಾಯಿ ಹಬ್ಬ. ಮುದಗಲ್ಲಿನ ಮೊಹರಂ ಹೆಸರುವಾಸಿ. ರಾಯಚೂರು ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಬೆಂಕಿಯ ಸುತ್ತ ಹಲಗೆ ಬಡಿತಕ್ಕೆ ಮಂದಿ ಕುಣಿಯುತ್ತಾರೆ, ತುರುಕರು, ಹಿಂದೂಗಳು ಎಂಬ ಭೇದವಿಲ್ಲದೆ. ಬೆಂಕಿಗೆ ಹಲಗೆ ಕಾಸಿ ಚರ್ಮ ಬಿಗಿ ಮಾಡುತ್ತಾರೆ. ಒಂದು ಕೈಯಲ್ಲಿ ದಪ್ಪ ಗಿಡ್ಡ ಕೋಲು, ಇನ್ನೊಂದು ಕೈಯಲ್ಲಿ ಸಣ್ಣ ಉದ್ದ ಕಡ್ಡಿ. ದಪ್ಪ ಕೋಲು ನೆಲ ಹಿಡಿದರೆ, ಸಣ್ಣ ಕಡ್ಡಿ ಮಾತಾಡುತ್ತದೆ. ಚರ್ಮ ಸಡಿಲಾದರೆ ಮತ್ತೆ ಬೆಂಕಿ, ಮತ್ತೆ ಬಡಿತ. ಲೀಬೆಝೈಟ್ ಜಾಜ್ ಬಿಟ್ಟು ಹುಡುಕಿಕೊಂಡು ಹೋದ ಜಾಗದಲ್ಲಿ ನಮ್ಮ ಹಿರಿಯರು ಹಿಂದಿನಿಂದಲೂ ನಿಂತಿದ್ದಾರೆ. ಅವರಿಗೆ ಯಾರೂ ಸ್ಟುಡಿಯೋ ಕೊಡಲಿಲ್ಲ, ಅಷ್ಟೇ.

ಕಾನ್ ತಂಡ ಗಂಟೆಗಟ್ಟಲೆ ಬಾರಿಸಿ, ಎರಡೇ ಟ್ರ್ಯಾಕಿನ ಯಂತ್ರದಲ್ಲಿ ಹಿಡಿದು, ಚುಕೈ ಟೇಪನ್ನು ಕತ್ತರಿಸಿ ಅಂಟಿಸಿ ಹಾಡು ಮಾಡುತ್ತಿದ್ದ. ತಂಡಕ್ಕೆ ನಾಯಕನಿಲ್ಲ. ರಚನೆಗಳ ಕೆಳಗೆ ಎಲ್ಲರ ಹೆಸರು. ಮೊದಲ ಹಾಡುಗಾರ ಅಮೆರಿಕದ ಕಪ್ಪು ಶಿಲ್ಪಿ ಮಾಲ್ಕಮ್ ಮೂನಿ. ಅವನು ಹೋದ ಮೇಲೆ 1970ರಲ್ಲಿ ಮ್ಯೂನಿಕ್ಕಿನ ಬೀದಿಯಲ್ಲಿ ಹಾಡುತ್ತಿದ್ದ ಡಾಮೊ ಸುಜುಕಿ ಎಂಬ ಜಪಾನಿ ಹುಡುಗನನ್ನು ಕಂಡು, ಅದೇ ರಾತ್ರಿ ತಾಲೀಮಿಲ್ಲದೆ ವೇದಿಕೆ ಹತ್ತಿಸಿದರು. ಹಿಟ್ಲರನ ಶುದ್ಧ ರಕ್ತದ ದೇಶದಲ್ಲಿ ಕಪ್ಪು ಮನುಷ್ಯ, ಆಮೇಲೆ ಏಷ್ಯಾದ ಬೀದಿ ಹಾಡುಗಾರ! ಇದಕ್ಕಿಂತ ದೊಡ್ಡ ಭಾಷಣ ಬೇಕಿಲ್ಲ.

ಡ್ಯುಸೆಲ್ಡಾರ್ಫಿನ ‘ನೊಯ್’ ತಂಡದ್ದು ಬಡತನದ ಪ್ರಯೋಗ. ನೊಯ್ ಎಂದರೆ ಹೊಸದು. ಮೈಕೆಲ್ ರೋಥರ್, ಕ್ಲೌಸ್ ಡಿಂಗರ್ ಇಬ್ಬರೇ. ಡಿಂಗರನ ನೇರ ಬಡಿತಕ್ಕೆ ಪತ್ರಿಕೆಯವರು ‘ಮೋಟೋರಿಕ್’ ಎಂದು ಹೆಸರಿಟ್ಟರು. 1973ರಲ್ಲಿ ಎರಡನೇ ರೆಕಾರ್ಡು ಅರ್ಧ ಆಗುವಷ್ಟರಲ್ಲಿ ದುಡ್ಡು ಮುಗಿಯಿತು. ಏನು ಮಾಡಿದರು? ಹಿಂದೆ ಬಂದಿದ್ದ ತಮ್ಮದೇ ಸಣ್ಣ ರೆಕಾರ್ಡನ್ನು ಜೋರು ವೇಗದಲ್ಲಿ, ನಿಧಾನ ವೇಗದಲ್ಲಿ ತಿರುಗಿಸಿ ಇನ್ನೊಂದು ಮಗ್ಗುಲು ತುಂಬಿಸಿದರು. ಆವತ್ತು ಮೋಸ ಎಂದವರಿದ್ದರು. ಇವತ್ತು ನಮ್ಮ ಹುಡುಗರು ಮೊಬೈಲಿನಾಗ ಹಾಡು ಹಿಗ್ಗಿಸಿ ಕುಗ್ಗಿಸಿ ರೀಮಿಕ್ಸ್ ಮಾಡುವುದು ಅದೇ ಕೆಲಸ.

ಫೌಸ್ಟ್ ತಂಡ ವ್ಯುಮ್ಮೆ ಎಂಬ ಹಳ್ಳಿಯ ಹಳೆಯ ಶಾಲೆಯ ಕಟ್ಟಡದಲ್ಲಿ ವಾಸವಿದ್ದು, ದೊಡ್ಡ ಕಂಪನಿಯ ದುಡ್ಡಿನಲ್ಲಿ ಕಂಪನಿಗೆ ಅರ್ಥವಾಗದ ಸಂಗೀತ ಮಾಡಿತು. ಸಿಮೆಂಟು ಕಲಸುವ ಯಂತ್ರ, ಕೊರೆಯುವ ಯಂತ್ರಗಳನ್ನು ವೇದಿಕೆಗೆ ತಂದಿತು. ಹತ್ತಿ ಜಿನ್ನಿನ ಸದ್ದಿನಲ್ಲಿ ದುಡಿದ ರಾಯಚೂರಿನ ಕೂಲಿಯವರಿಗೆ ಈ ವಾದ್ಯ ಹೊಸದಲ್ಲ.

3

ಇಷ್ಟಕ್ಕೆ ಮೆಚ್ಚಿ ಮೈಮರೆಯಬಾರದು. ಈ ಹುಡುಗರಲ್ಲಿ ಬಹಳ ಮಂದಿ ಓದಿದ, ಉಂಡ ಮನೆಯವರು. ಕ್ರಾಫ್ಟ್‌ವೆರ್ಕ್ ತಂಡದ ಫ್ಲೋರಿಯನ್ ಶ್ನೈಡರನ ತಂದೆ ಹೆಸರಾಂತ ವಾಸ್ತುಶಿಲ್ಪಿ. ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು, ಎರಡನೇ ಅಮೋನ್ ಡ್ಯೂಲಿನ ಹಾಡುಗಾರ್ತಿ ರೆನಾಟೆ ಕ್ನೌಪ್ ಅವರಲ್ಲಿ ಒಬ್ಬಳು. ದುಡಿಯುವ ಜನರ ನಡುವೆ ನೇರವಾಗಿ ನಿಂತವರು ಬರ್ಲಿನ್ನಿನ ‘ಟೋನ್ ಸ್ಟೈನೆ ಶೆರ್ಬೆನ್’. ಅವರು ಇಂಗ್ಲಿಷ್ ಬಿಟ್ಟು ಬೀದಿಯ ಜರ್ಮನ್ ಮಾತಿನಲ್ಲೇ ಹಾಡಿದರು. 1971ರ ಡಿಸೆಂಬರಿನಲ್ಲಿ ಅವರ ಹಾಡು ಕೇಳಿದ ಯುವಕರು ಸಭೆಯಿಂದ ಎದ್ದುಹೋಗಿ ಖಾಲಿ ಬಿದ್ದಿದ್ದ ಆಸ್ಪತ್ರೆಯ ಕಟ್ಟಡವೊಂದನ್ನು ವಶಪಡಿಸಿಕೊಂಡು ಮನೆ ಮಾಡಿಕೊಂಡರು. ಹಾಡು ಮುಗಿದ ಮೇಲೆ ಜನ ಮನೆಗೆ ಹೋದರೆ ಅದು ಮನರಂಜನೆ. ಮನೆಯಿಲ್ಲದವರು ಮನೆ ಹಿಡಿದರೆ ಅದು ಚಳವಳಿ.

ಈ ತಂಡ ತನ್ನ ರೆಕಾರ್ಡುಗಳನ್ನು ತಾನೇ ಹೊರತಂದಿತು. 1976ರಲ್ಲಿ ಎಂಬ್ರಿಯೋ ಮತ್ತಿತರ ತಂಡಗಳೂ ಸೇರಿ ತಮ್ಮದೇ ರೆಕಾರ್ಡ್ ಕೂಟ ಕಟ್ಟಿಕೊಂಡವು. ಅದಕ್ಕೆ ಮುಂದೆ ‘ಶ್ನೇಬಾಲ್’ ಎಂದು ಹೆಸರಾಯಿತು, ಹಿಮದ ಉಂಡೆ ಎಂದರ್ಥ. ತಾವೇ ಅಚ್ಚು ಹಾಕಿಸುವುದು, ತಾವೇ ಹೊತ್ತು ಮಾರುವುದು. ಚಂದಾ ಎತ್ತಿ, ಬಸ್ಸಿನ ಮೇಲೆ ಕಟ್ಟು ಹಾಕಿ, ಸಮ್ಮೇಳನದ ಬಾಗಿಲಲ್ಲಿ ನಿಂತು ಪತ್ರಿಕೆ ಮಾರಿದ ನಮಗೆ ಈ ಬೆವರು ಗೊತ್ತು.

4

ಪ್ರಭಾವದ ಮಾತಿಗೆ ಬರೋಣ. ಇಂಗ್ಲೆಂಡಿನ ಡೇವಿಡ್ ಬೋವಿ 1976ರಲ್ಲಿ ಬರ್ಲಿನ್ನಿಗೆ ಹೋದ, ಬ್ರಯಾನ್ ಈನೋ ಈ ಹುಡುಗರ ಜೊತೆ ಕೂತು ಬಾರಿಸಿದ. ಇದನ್ನು ಎಲ್ಲರೂ ಬರೆಯುತ್ತಾರೆ. ನಮಗೆ ಮುಖ್ಯವಾದ ದಾರಿ ಬೇರೆ.

ಕ್ರಾಫ್ಟ್‌ವೆರ್ಕ್ ಎಂದರೆ ವಿದ್ಯುತ್ ಸ್ಥಾವರ. ನಮ್ಮ ಶಕ್ತಿನಗರದಲ್ಲಿ ಕೃಷ್ಣೆಯ ದಂಡೆಗೆ 1985ರಿಂದ ಹೊಗೆ ಕಾರುತ್ತಿರುವಂಥದ್ದು. ರಾಲ್ಫ್ ಹ್ಯುಟ್ಟರ್, ಫ್ಲೋರಿಯನ್ ಶ್ನೈಡರ್ 1970ರಲ್ಲಿ ಕಟ್ಟಿದ ಈ ತಂಡ ನಿಧಾನಕ್ಕೆ ಗಿಟಾರು, ಡ್ರಮ್ಮು ಎಲ್ಲ ಬಿಟ್ಟು ಯಂತ್ರಗಳಿಂದಲೇ ಹಾಡು ಕಟ್ಟಿತು. 1974ರ ‘ಆಟೋಬಾನ್’ ಹೆದ್ದಾರಿಯ ಮೇಲಿನ ಇಪ್ಪತ್ತೆರಡು ನಿಮಿಷದ ಪಯಣ. 1977ರಲ್ಲಿ ರೈಲಿನ ಮೇಲೆ ‘ಟ್ರಾನ್ಸ್ ಯೂರೋಪ್ ಎಕ್ಸ್‌ಪ್ರೆಸ್’.

ಈ ಬಿಳಿಯರ ಯಂತ್ರಸಂಗೀತವನ್ನು ಎತ್ತಿಕೊಂಡವರು ಯಾರು? ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಸುಟ್ಟ ಕೇರಿಯ ಕಪ್ಪು ಹುಡುಗರು. 1982ರಲ್ಲಿ ಆಫ್ರಿಕಾ ಬಂಬಾಟಾ ಮತ್ತು ಸೋಲ್‌ಸಾನಿಕ್ ಫೋರ್ಸ್ ತಂಡದ ‘ಪ್ಲಾನೆಟ್ ರಾಕ್’ ಬಂದಾಗ ಅದರ ರಾಗ ಕ್ರಾಫ್ಟ್‌ವೆರ್ಕಿನ ಆ ರೈಲಿನದು. ಆಮೇಲೆ ಡೆಟ್ರಾಯಿಟ್, ಕಾರು ಕಾರ್ಖಾನೆಗಳು ಮುಚ್ಚುತ್ತಿದ್ದ ಊರು. ಅಲ್ಲಿನ ಹುವಾನ್ ಆಟ್ಕಿನ್ಸ್ ಮತ್ತವನ ಗೆಳೆಯರು, ಎಲ್ಲರೂ ಕಪ್ಪು ಯುವಕರು, ‘ಟೆಕ್ನೋ’ ಎಂಬ ಸಂಗೀತ ಹುಟ್ಟಿಸಿದರು. 1988ರ ಹೊತ್ತಿಗೆ ಅದು ಕಡಲು ದಾಟಿ, ಮುಂದೆ ಬರ್ಲಿನ್ನಿಗೇ ವಾಪಸು ಹೋಯಿತು. ಇಂದು ರಾಯಚೂರಿನ ಜಯಂತಿ ಮೆರವಣಿಗೆಯ ಡಿಜೆ ಗಾಡಿಯಲ್ಲಿ ಎದೆ ನಡುಗಿಸುವ ಯಂತ್ರದ ಬಡಿತವಿದೆಯಲ್ಲ, ಅದರ ವಂಶಾವಳಿಯಲ್ಲಿ ಡೆಟ್ರಾಯಿಟಿನ ಕಪ್ಪು ಹುಡುಗನೂ ಇದ್ದಾನೆ. 1972ರಲ್ಲಿ ಬೊಂಬಾಯಿಯ ದಲಿತ ಪ್ಯಾಂಥರ್ ಹುಡುಗರು ಅಮೆರಿಕದ ಕಪ್ಪು ಪ್ಯಾಂಥರರಿಂದ ಹೆಸರು ತಂದರು. ಹೆಸರು ಬಂದ ದಾರಿಯಲ್ಲೇ ಬಡಿತವೂ ಬಂದಿದೆ, ತುಸು ತಡವಾಗಿ.

5

ಈಗ ಆ ಸಂಗೀತ ಕರ್ನಾಟಕಕ್ಕೇ ಬಂದ ಕತೆ. ಇದನ್ನು ಕನ್ನಡದ ಹುಡುಗರು ಕಡಿಮೆ ಕೇಳಿದ್ದಾರೆ.

ಎಂಬ್ರಿಯೋ ತಂಡವನ್ನು 1969ರಲ್ಲಿ ಮ್ಯೂನಿಕ್ಕಿನಲ್ಲಿ ಕ್ರಿಸ್ಟಿಯನ್ ಬುರ್ಕಾರ್ಡ್ ಮತ್ತು ಎಡ್ಗರ್ ಹೋಫ್‌ಮನ್ ಕಟ್ಟಿದರು. 1978ರಲ್ಲಿ ಈ ತಂಡ ಬಸ್ಸುಗಳಲ್ಲಿ ವಾದ್ಯ ಹೇರಿಕೊಂಡು ನೆಲದ ದಾರಿಯಲ್ಲಿ ಇರಾನು, ಅಫ್ಘಾನಿಸ್ತಾನ, ಪಾಕಿಸ್ತಾನ ಹಾದು ಭಾರತಕ್ಕೆ ಬಂತು. ದಾರಿಯುದ್ದಕ್ಕೂ ಅಲ್ಲಲ್ಲಿನ ಕಲಾವಿದರ ಜೊತೆ ಬಾರಿಸಿತು. ಆ ಪಯಣ 1979ರಲ್ಲಿ ಜೋಡಿ ರೆಕಾರ್ಡಾಗಿ ಬಂತು, ಅದರ ಮೇಲೆ ಒಂದು ಸಿನಿಮಾವೂ ಆಯಿತು. ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಇತ್ತು. ಎಂಬ್ರಿಯೋ ಮತ್ತು ಈ ಕಾಲೇಜಿನ ತಂಡ ಸೇರಿ ಮಾಡಿದ ‘ಲೈಫ್’ ರೆಕಾರ್ಡು 1980ರಲ್ಲಿ ಬಂತು. ಎಂಬ್ರಿಯೋದಿಂದ ಹೊರಬಂದವರು ‘ಡಿಸಿಡೆಂಟೆನ್’, ಅಂದರೆ ಭಿನ್ನಮತೀಯರು, ಎಂಬ ತಂಡ ಕಟ್ಟಿ 1982ರಲ್ಲಿ ಮತ್ತೆ ಇದೇ ಬೆಂಗಳೂರಿನವರ ಜೊತೆ ‘ಜರ್ಮನಿಸ್ತಾನ್’ ಮಾಡಿದರು. ಎಂಬ್ರಿಯೋ ಜೊತೆ ಬಾರಿಸಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ 1983ರಲ್ಲಿ ಮಣಿ, ಅವರ ಪತ್ನಿ ಗಾಯಕಿ ಆರ್.ಎ. ರಮಾಮಣಿ ಮತ್ತಿತರರ ಜೊತೆ ‘ಜ್ಯೋತಿ’ ರೆಕಾರ್ಡ್ ಮಾಡಿದ. ಅದೇ ಕಾಲೇಜಿನಲ್ಲಿ ತವಿಲ್ ಕಲಿತ ರಮೇಶ್ ಶೋಥಮ್ ಜರ್ಮನಿಗೆ ಹೋಗಿ ಕೊಲೋನಿನಲ್ಲಿ ನೆಲೆಸಿದರು.

ಇದು ಸಣ್ಣ ಮಾತಲ್ಲ. ಕಚೇರಿಯಲ್ಲಿ ಮೃದಂಗ ಪಕ್ಕವಾದ್ಯ, ಹಾಡುಗಾರನ ಪಕ್ಕ ಕೂರುವ ಆಳು. ಮಣಿಯವರು ತಾಳವಾದ್ಯವನ್ನು ನಡುವೆ ಕೂರಿಸಿದರು. ಅದಕ್ಕೆ ಗೌರವ ಸಲ್ಲಬೇಕು.

ಆದರೆ ‘ಜ್ಯೋತಿ’ಯ ವಾದ್ಯಗಳ ಪಟ್ಟಿ ನೋಡ್ರಿ: ಮೃದಂಗ, ಘಟ, ಮೋರ್ಸಿಂಗ್, ಖಂಜರಿ. ಹಲಗೆ ಇಲ್ಲ. ಮೃದಂಗಕ್ಕೆ ಬಳಸುವುದೂ ಹಸು, ಎಮ್ಮೆ, ಆಡಿನ ಚರ್ಮವೇ. ಅದನ್ನು ಹದ ಮಾಡಿ ಬಿಗಿಯುವವರಲ್ಲಿ ಹೆಚ್ಚಿನವರು ದಲಿತ ಕ್ರೈಸ್ತರು ಎಂಬುದನ್ನು ಟಿ.ಎಂ. ಕೃಷ್ಣ 2020ರಲ್ಲಿ ಒಂದು ಪುಸ್ತಕ ಬರೆದೇ ಹೇಳಬೇಕಾಯಿತು. ಚರ್ಮ ಒಂದೇ. ಒಂದು ವೇದಿಕೆ ಹತ್ತಿತು, ಇನ್ನೊಂದು ಊರ ಹೊರಗೆ ಉಳಿಯಿತು. ಅಪ್ಪಂದಿರ ಜನಾಂಗದ್ವೇಷವನ್ನು ಒಲ್ಲೆ ಎಂದು ಎದ್ದ ಜರ್ಮನಿಯ ತಲೆಮಾರಿನ ಬಹಳ ಮಂದಿಗೆ ಭಾರತ ಎಂದರೆ ಮಂತ್ರ, ಗುರು, ಶಾಂತಿ. ಗುರುವಿನ ಕಾಲ ಬಳಿ ಕೂತವರಿಗೆ ಗುರುವಿನ ಬಾವಿ ಮುಟ್ಟಲಾಗದವರು ಕಾಣಲಿಲ್ಲ. ತಪ್ಪು ಬರೀ ಬಂದವರದಲ್ಲ. ಬಂದವರಿಗೆ ಮನೆ ತೋರಿಸುವವರು ಯಾವಾಗಲೂ ಊರೊಳಗಿನವರೇ.

6

ಕೊನೆಗೆ ನಮ್ಮ ಕೇರಿಯ ಜಗಳ. ‘ಹಲಿಗಿ ಬಿಡ್ರಿ, ಅದು ಗುಲಾಮಗಿರಿ’ ಎನ್ನುತ್ತಾರೆ ಓದಿದ ಕೆಲವರು. ಅವರ ಮಾತಿನಲ್ಲಿ ಸತ್ಯವಿದೆ. ಹೆಣದ ಮುಂದೆ ಬಡಿ, ಡಂಗುರ ಸಾರು, ಜಾತ್ರೆಗೆ ಬಡಿದು ದೂರ ನಿಲ್ಲು, ಕೂಲಿ ಕೇಳಿದರೆ ಒದೆ. ಇಂಥ ಹುಟ್ಟಿನ ಚಾಕರಿಯ ವಿರುದ್ಧವೇ ಬಾಬಾಸಾಹೇಬರು 1928ರಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಮಹಾರ್ ವತನದ ಮಸೂದೆ ತಂದದ್ದು. ‘ಹಲಿಗಿ ನಮ್ಮಪ್ಪನ ಆಸ್ತಿ, ಯಾಕ ಬಿಡಬೇಕು?’ ಎನ್ನುತ್ತಾರೆ ಇನ್ನು ಕೆಲವರು. ಅವರ ಮಾತಿನಲ್ಲೂ ಸತ್ಯವಿದೆ. 70ರ ದಶಕದಿಂದ ದಲಿತ ಸಂಘರ್ಷ ಸಮಿತಿಯ ಹಾಡುಗಳಿಗೆ ಹಳ್ಳಿ ಹಳ್ಳಿಯಲ್ಲಿ ಎದೆ ಕೊಟ್ಟದ್ದು ಇದೇ ಚರ್ಮ.

ಜರ್ಮನಿಯ ಚರಿತ್ರೆ ಈ ಜಗಳಕ್ಕೆ ಒಂದು ಬೆಳಕು ಕೊಡುತ್ತದೆ. ಅವರಿಗೂ ನಮಗೂ ಒಂದು ದೊಡ್ಡ ಅಂತರವಿದೆ. ಅವರ ಅಪ್ಪಂದಿರ ಕೈಗೆ ರಕ್ತ ಅಂಟಿತ್ತು, ಆದ್ದರಿಂದ ಅವರು ಅಪ್ಪಂದಿರ ಹಾಡು ಬಿಟ್ಟರು. ನಮ್ಮ ಅಪ್ಪಂದಿರ ಕೈಗೆ ಅಂಟಿದ್ದು ಅವರದೇ ಬೆವರು. ನಾವು ಬಿಡಬೇಕಾದ್ದು ಅಪ್ಪನ ಬಡಿತವನ್ನಲ್ಲ, ಅಪ್ಪನಿಗೆ ಬಡಿ ಎಂದ ಗೌಡನ ಹುಕುಮನ್ನು. ಯಾರು ಕರೆದರು, ಯಾತಕ್ಕೆ ಕರೆದರು, ಕೂಲಿ ಎಷ್ಟು, ಬಡಿದ ಮೇಲೆ ಪಂಕ್ತಿಯಲ್ಲಿ ಕೂರಿಸುತ್ತಾರೋ ಇಲ್ಲವೋ, ಇಷ್ಟು ಕೇಳಿಯೇ ಹಲಗೆ ಹೆಗಲಿಗೆ ಬೀಳಬೇಕು. ‘ಒಲ್ಲೆ’ ಎನ್ನುವ ಹಕ್ಕು ಇರುವವನ ಬಡಿತವೇ ಸಂಗೀತ.

ಹಳ್ಳಿಯ ಮೇಷ್ಟ್ರುಗಳಿಗೆ, ಕಾಲೇಜಿನ ಗೆಳೆಯರಿಗೆ ನಮ್ಮದೊಂದು ಕೇಳಿಕೆ. ಮಾನ್ವಿ ಎಂದರೆ ಪಠ್ಯದಲ್ಲಿ ಜಗನ್ನಾಥದಾಸರು ಬರುತ್ತಾರೆ, ಬರಲಿ. ಅದೇ ಮಾನ್ವಿ ತಾಲೂಕಿನ, ದೇವದುರ್ಗದ ಹಲಗೆಯ ಹಿರಿಯರ ಹೆಸರು ಯಾವ ಪುಸ್ತಕದಲ್ಲಿದೆ? ಕಾನ್ ತಂಡದವರ ಕೈಯಲ್ಲಿದ್ದದ್ದಕ್ಕಿಂತ ಸೂಕ್ಷ್ಮದ ಯಂತ್ರ ಇವತ್ತು ನಮ್ಮ ಜೇಬಿನಾಗ ಅದ. ಮದುವೆಗೆ ಯಾವ ಬಡಿತ, ಸಾವಿಗೆ ಯಾವ ಬಡಿತ, ಅಲಾಯಿಗೆ ಯಾವುದು, ಕೂತು ಹಿಡಿಯಿರಿ. ಅವರನ್ನು ಕೇಳಿ, ಅವರು ಒಪ್ಪಿದರೆ, ಕೆಳಗೆ ‘ಜಾನಪದ’ ಎಂದು ಬರೆಯದೆ ಬಡಿದವರ ಹೆಸರು, ಊರು, ಕೇರಿ ಬರೆಯಿರಿ. ಆಮೇಲೆ ಆ ಬಡಿತವನ್ನು ಕತ್ತರಿಸಿ, ಅಂಟಿಸಿ, ಯಂತ್ರಕ್ಕೆ ಹಾಕಿ, ಹೊಸ ಹಾಡು ಕಟ್ಟಿರಿ. ಅದಕ್ಕೆ ಜರ್ಮನಿಯವರ ಅಪ್ಪಣೆಯೂ ಬೇಡ, ಬೆಂಗಳೂರಿನವರ ಸರ್ಟಿಫಿಕೇಟೂ ಬೇಡ. ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಕೆಲಸ ಈ ವರ್ಷವೇ ಶುರುವಾಗಬೇಕು.